ವೈನ್‌ನಲ್ಲಿ ಕಾಳುಮೆಣಸಿನ ಘಮ ಇರುವುದು ನಿಜ

ವೈನ್ ಬಾಟಲಿಯ ಮೇಲೆ ‘ಕಾಳುಮೆಣಸು, ದೊಣ್ಣೆಮೆಣಸಿನ ಪರಿಮಳ’ ಎಂದು ಬರೆದಿದ್ದರೆ ಅದನ್ನು ಬರೀ ಬಡಾಯಿ ಎಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಈ ಮಾತುಗಳ ಹಿಂದೆ ಗಟ್ಟಿಯಾದ ರಸಾಯನಶಾಸ್ತ್ರವಿದೆ. ಶಿರಾಜ್ ವೈನ್‌ನ ಮೆಣಸಿನ ಘಮಕ್ಕೆ ರೋಟಂಡೋನ್ ಎಂಬ ಸಂಯುಕ್ತ ಕಾರಣವೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲಿರುವುದೂ ಅದೇ. ಕ್ಯಾಬರ್ನೆ ಸಾವಿನ್ಯೋನ್ ವೈನ್‌ನಲ್ಲಿ ಹಸಿ ದೊಣ್ಣೆಮೆಣಸಿನ ವಾಸನೆ ಬರುವುದು ಪೈರಜೀನ್ ಎಂಬ ಸಂಯುಕ್ತಗಳಿಂದ. ದ್ರಾಕ್ಷಿ ಸರಿಯಾಗಿ ಮಾಗದಿದ್ದರೆ ಅದು ಇನ್ನೂ ಜೋರು. ‘ಒಗರು’ ಎಂಬ ಮಾತಿಗೂ ಇಂಥದೇ ಕಾರಣವಿದೆ: ಸಿಪ್ಪೆ, ಬೀಜಗಳ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ, ಎಳೆ ಬಾಳೆಕಾಯಿ ಕಚ್ಚಿದಂತೆ, ಬಾಯೆಲ್ಲ ಒಗರಾಗಿ ಒರಟೆನಿಸುತ್ತದೆ.

ಫ್ರಾನ್ಸಿನ ಬೋರ್ಡೋದಲ್ಲಿ ಸಂಶೋಧಕ ಫ್ರೆಡೆರಿಕ್ ಬ್ರೋಶೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರು ಕೆಂಪು ವೈನ್‌ನ ಮಾತುಗಳಲ್ಲೇ ಅದನ್ನು ಬಣ್ಣಿಸಿದರಲ್ಲ ಎಂಬ ಆಕ್ಷೇಪವಿದೆ. ತೂಕದ ಆಕ್ಷೇಪವೇ. ಆದರೆ ಅದು ತೋರಿಸುವುದು ಕಣ್ಣು ಮೂಗನ್ನು ದಾರಿ ತಪ್ಪಿಸಬಲ್ಲದು ಎಂಬುದನ್ನು, ಪರಿಮಳವೇ ಸುಳ್ಳು ಎಂಬುದನ್ನಲ್ಲ. ಎಲ್ಲರ ಮೂಗೂ ಒಂದೇ ಅಲ್ಲ: ಆಸ್ಟ್ರೇಲಿಯಾದ ಆ ಅಧ್ಯಯನದಲ್ಲಿ ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ರೋಟಂಡೋನ್ ವಾಸನೆಯೇ ತಿಳಿಯಲಿಲ್ಲ. ಹಾಗಾಗಿ ಬಿಡಬೇಕಾದದ್ದು ವರ್ಣನೆಯನ್ನಲ್ಲ, ‘ಸೊಗಸಾದ’, ‘ಗಂಭೀರ’ ಎಂಬ ಪರೀಕ್ಷೆಗೆ ಸಿಗದ ವಿಶೇಷಣಗಳನ್ನು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವಿಜ್ಞಾನಿ ಆನ್ ನೋಬಲ್ 1980ರ ದಶಕದಲ್ಲಿ ರೂಪಿಸಿದ ಪರಿಮಳ ಚಕ್ರ ಇಂಥವನ್ನು ಹೊರಗಿಟ್ಟು, ಎಲ್ಲರೂ ಮೂಸಿ ನೋಡಬಹುದಾದ ಹಣ್ಣು, ಹೂವು, ಮಸಾಲೆಗಳಂಥ ವಾಸನೆಗಳನ್ನಷ್ಟೇ ಉಳಿಸಿಕೊಂಡಿತು. ನಂದಿ ಬೆಟ್ಟದ ತಪ್ಪಲಿನ ವೈನ್‌ಗಳ ಬಗ್ಗೆ ಬರೆಯುವವರು ನಾವು ಕಂಡೇ ಇರದ ಬ್ಲ್ಯಾಕ್‌ಕರಂಟ್ ಹಣ್ಣನ್ನು ಎರವಲು ತರುವ ಬದಲು ನೇರಳೆ, ಸೀಬೆ, ಲವಂಗ ಎಂದು ಬರೆಯಲಿ. ಆಗ ಓದುಗರಿಗೆ ಅದನ್ನು ಒಪ್ಪಲೂ ಅಲ್ಲಗಳೆಯಲೂ ಸಾಧ್ಯವಾಗುತ್ತದೆ.