ರಕ್ತದೊತ್ತಡದ ಗುರಿ ಎಲ್ಲರಿಗೂ ಒಂದೇ ಆಗಬಲ್ಲುದೆ?

ಭೌತಶಾಸ್ತ್ರದ ಪ್ರಯೋಗಶಾಲೆಗೆ ಕಾಲಿಟ್ಟ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠವೆಂದರೆ, ಯಾವ ಅಳತೆಯನ್ನು ಬರೆದರೂ ಅದರ ಮಗ್ಗುಲಲ್ಲಿ ಅದರ ಅನಿಶ್ಚಿತತೆಯನ್ನೂ ಬರೆಯಬೇಕೆಂಬುದು. ಲೋಲಕದ ಆವರ್ತಕಾಲಕ್ಕೆ ಚಾಚೂ ತಪ್ಪದೆ ಅನ್ವಯಿಸುವ ಈ ನಿಯಮಕ್ಕೆ, ಮನೆಯ ಹಿರಿಯರ ರಕ್ತದೊತ್ತಡದ ವಿಷಯದಲ್ಲಿ ಮಾತ್ರ ರಜೆ ಕೊಡುವುದು ವಾಡಿಕೆಯಾಗಿದೆ. ಯಂತ್ರವು ೧೪೨ ಎಂದು ತೋರಿಸಿದರೆ ಮನೆಮಂದಿಗೆಲ್ಲ ಗಾಬರಿ. ೧೩೮ ಎಂದರೆ ಎಲ್ಲರಿಗೂ ನೆಮ್ಮದಿ. ಈ ನಾಲ್ಕು ಮಿಲಿಮೀಟರುಗಳ ಅಂತರವು ಮನೆಯ ಯಂತ್ರದ ದೋಷದ ಎಲ್ಲೆಯೊಳಗೇ ಅಡಗಿಹೋಗಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ.

ಚಿಕಿತ್ಸೆಗೆ ಒಂದು ಗುರಿ ಇರಲೇಬೇಕು. ಆದರೆ ಆ ಗುರಿಯು ರೋಗಿಯ ವಯಸ್ಸು, ಆತನ ಇತರ ಅಂಗಗಳ ಸ್ಥಿತಿ, ಔಷಧವು ಆತನ ದೇಹದಲ್ಲಿ ಉಂಟುಮಾಡುವ ಅಡ್ಡಪರಿಣಾಮಗಳು ಇವೆಲ್ಲವನ್ನೂ ತೂಗಿ, ವೈದ್ಯರೂ ರೋಗಿಯೂ ಕೂಡಿ ನಿಶ್ಚಯಿಸತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ನಾವು ವೈದ್ಯರಲ್ಲ. ಆದರೂ ಒತ್ತಡವೆಂಬುದು ಮೂಲತಃ ನಮ್ಮ ಶಾಸ್ತ್ರದ ಮಾತಾದುದರಿಂದ, ಆ ಬದಿಯಿಂದ ಈ ಪ್ರಶ್ನೆಯನ್ನು ನೋಡುವುದು ಅನುಚಿತವಾಗದು.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸನು ಒಂದು ಹೆಣ್ಣುಕುದುರೆಯ ಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಜೋಡಿಸಿದ ಗಾಜಿನ ನಳಿಗೆಯಲ್ಲಿ ರಕ್ತವು ಎಂಟು ಅಡಿಗೂ ಮಿಗಿಲಾಗಿ ಏರಿದುದನ್ನು ೧೭೩೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಕುದುರೆಯ ಪುಣ್ಯ, ಮನುಷ್ಯರಿಗೆ ಈ ವಿಧಾನ ಒಗ್ಗಲಿಲ್ಲ. ೧೮೯೬ರಲ್ಲಿ ಇಟಲಿಯ ರೀವಾ-ರೋಚ್ಚಿಯು ತೋಳಿಗೆ ಕಟ್ಟುವ ಗಾಳಿಪಟ್ಟಿಯನ್ನೂ, ೧೯೦೫ರಲ್ಲಿ ರಷ್ಯದ ಕೊರೊಟ್ಕಾಫನು ಧಮನಿಯ ಸದ್ದನ್ನು ಆಲಿಸುವ ಕ್ರಮವನ್ನೂ ತಂದುಕೊಟ್ಟ ಮೇಲೆಯೇ ಇಂದಿನ ಅಳತೆ ರೂಢಿಗೆ ಬಂದುದು. ಪಾದರಸವು ನೀರಿಗಿಂತ ೧೩.೬ ಪಟ್ಟು, ರಕ್ತವು ೧.೦೬ ಪಟ್ಟು ಸಾಂದ್ರವಾದುವು. ಆದುದರಿಂದ ೧೨೦ ಮಿಲಿಮೀಟರ್ ಪಾದರಸವೆಂದರೆ ಸುಮಾರು ೧೫೪ ಸೆಂಟಿಮೀಟರ್ ಎತ್ತರದ ರಕ್ತಸ್ತಂಭವೆಂದಾಯಿತು. ನಮ್ಮ ಹೃದಯವು ಪ್ರತಿ ಬಡಿತದಲ್ಲಿಯೂ ಹೆಚ್ಚುಕಡಿಮೆ ಒಂದಾಳುದ್ದದ ರಕ್ತಸ್ತಂಭವನ್ನು ಎತ್ತಿ ಹಿಡಿಯಬಲ್ಲುದು.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಬಹು ಉಪಯುಕ್ತವಾದ ಸಂಗತಿಯೊಂದು ಕೈಗೆ ಸಿಕ್ಕುತ್ತದೆ. ಹತ್ತು ಸೆಂಟಿಮೀಟರ್ ರಕ್ತಸ್ತಂಭವು ಸುಮಾರು ೮ ಮಿಲಿಮೀಟರ್ ಪಾದರಸಕ್ಕೆ ಸಮ. ಅಳೆಯುವಾಗ ತೋಳು ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದಿದ್ದರೆ ಯಂತ್ರವು ಎಂಟು ಮಿಲಿಮೀಟರ್ ಹೆಚ್ಚಾಗಿಯೇ ಹೇಳುತ್ತದೆ. ಇನ್ನು ನಿಂತ ಮನುಷ್ಯನ ಮಿದುಳು ಹೃದಯಕ್ಕಿಂತ ಸುಮಾರು ೩೦ ಸೆಂಟಿಮೀಟರ್ ಮೇಲಿದೆಯೆಂದು ಇಟ್ಟುಕೊಳ್ಳೋಣ. ಹೃದಯದ ಬಳಿ ೧೨೦ ಇದ್ದ ಒತ್ತಡವು ಅಲ್ಲಿಗೆ ಮುಟ್ಟುವಷ್ಟರಲ್ಲಿ ೯೭ಕ್ಕೆ ಇಳಿದಿರುತ್ತದೆ. ಜಿರಾಫೆಯ ರಕ್ತದೊತ್ತಡವು ಮನುಷ್ಯನದಕ್ಕಿಂತ ಸುಮಾರು ಇಮ್ಮಡಿ ಇರುವುದು ರೋಗದಿಂದಲ್ಲ, ಕತ್ತಿನ ಉದ್ದದಿಂದ.

ಮಲಗಿದ್ದವರು ಎದ್ದು ನಿಂತೊಡನೆ ರಕ್ತವು ಕಾಲುಗಳ ಕಡೆಗೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ನರಗಳು ಕೆಲವೇ ಕ್ಷಣಗಳಲ್ಲಿ ರಕ್ತನಾಳಗಳನ್ನು ಬಿಗಿಗೊಳಿಸಿ, ಹೃದಯದ ಬಡಿತವನ್ನು ಚುರುಕುಗೊಳಿಸಿ ಒತ್ತಡವನ್ನು ಸರಿದೂಗಿಸುತ್ತವೆ. ವಯಸ್ಸಾದಂತೆ ಈ ಪ್ರತಿಕ್ರಿಯೆ ಮಂದವಾಗುತ್ತದೆ. ಅದರ ಮೇಲೆ, ಅನೇಕ ಔಷಧಗಳ ಕೆಲಸವೇ ನಾಳಗಳನ್ನು ಸಡಿಲಿಸುವುದು. ಕಾಲೇಜಿನಲ್ಲಿ ಓದಿದ ಪ್ವಾಸೆಯ ನಿಯಮದ ಪ್ರಕಾರ ನಾಳದ ರೋಧವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ತ್ರಿಜ್ಯವು ಶೇಕಡ ೧೦ರಷ್ಟು ಹಿಗ್ಗಿದರೆ ರೋಧವು ಸುಮಾರು ಮೂರರಲ್ಲೊಂದು ಪಾಲು ಕುಗ್ಗುತ್ತದೆ. ಹೀಗಿರುವಲ್ಲಿ ಬೆಳಗಿನ ಜಾವ ಬಚ್ಚಲಿಗೆಂದು ಎದ್ದ ಮುದುಕರಿಗೆ ಕಣ್ಣು ಕತ್ತಲೆಗಟ್ಟಿದರೆ ಆಶ್ಚರ್ಯವೇನು? ನಿಂತ ಮೂರು ನಿಮಿಷಗಳೊಳಗೆ ಮೇಲಿನ ಅಂಕಿಯು ೨೦ ಅಥವಾ ಕೆಳಗಿನದು ೧೦ ಮಿಲಿಮೀಟರ್ ಇಳಿದರೆ ವೈದ್ಯಶಾಸ್ತ್ರವು ಅದನ್ನು ದೋಷವೆಂದೇ ಪರಿಗಣಿಸುತ್ತದೆ. ಕುಳಿತವರ ತೋಳನ್ನು ಮಾತ್ರ ಅಳೆದು ಕಳುಹಿಸಿದರೆ ಈ ದೋಷವು ಎಂದಿಗೂ ಬೆಳಕಿಗೆ ಬರುವುದಿಲ್ಲ.

ಹಾಗಾದರೆ ಗುರಿಯನ್ನು ಸಡಿಲವಾಗಿಯೇ ಇಟ್ಟುಕೊಳ್ಳಬಹುದಲ್ಲ ಎಂದು ಕೆಲವರು ಹೇಳಿಯಾರು. ಅದೂ ಸಲ್ಲದು. ಏರಿದ ಒತ್ತಡವು ವರ್ಷಗಟ್ಟಲೆ ಯಾವ ನೋವನ್ನೂ ಕೊಡದೆ ಮಿದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತಿರುತ್ತದೆ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಒತ್ತಡವು ೧೯೪೪ರ ಮಾರ್ಚಿಯಲ್ಲಿ ೧೮೬/೧೦೮ ಇತ್ತು. ಪರಿಣಾಮಕಾರಿಯಾದ ಔಷಧ ಆಗ ಇರಲಿಲ್ಲ. ೧೯೪೫ರ ಏಪ್ರಿಲ್ ೧೨ರಂದು ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಔಷಧವಿರುವ ಈ ಕಾಲದಲ್ಲಿ ಅದನ್ನು ಕೈಬಿಡುವುದು ಜಾಣತನವಲ್ಲ.

ಎಷ್ಟು ಇಳಿಸಬೇಕು ಎಂಬ ಪ್ರಶ್ನೆಗೆ ೨೦೧೫ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಸ್ಪ್ರಿಂಟ್’ ಪರೀಕ್ಷೆಯು ದೊಡ್ಡ ಉತ್ತರವನ್ನೇ ಕೊಟ್ಟಿತು. ಐವತ್ತು ದಾಟಿದ ೯,೩೬೧ ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ೧೪೦ರ ಕೆಳಗೆಂದೂ ಇನ್ನೊಂದಕ್ಕೆ ೧೨೦ರ ಕೆಳಗೆಂದೂ ಗುರಿಯಿಟ್ಟರು. ಹೃದಯಾಘಾತ, ಮಿದುಳಾಘಾತ ಮೊದಲಾದ ವಿಪತ್ತುಗಳು ಮೊದಲ ಗುಂಪಿನಲ್ಲಿ ವರ್ಷಕ್ಕೆ ಶೇಕಡ ೨.೧೯, ಎರಡನೆಯದರಲ್ಲಿ ೧.೬೫. ಸಾವುಗಳೂ ಎರಡನೆಯ ಗುಂಪಿನಲ್ಲಿ ಕಡಿಮೆಯಾದುವು. ಲಾಭ ನಿಜವಾದುದು. ಆದರೆ ಬೆಲೆಯೂ ನಿಜವಾದುದು: ಮೂತ್ರಪಿಂಡಗಳಿಗೆ ತೀವ್ರ ಹಾನಿಯು ಒಟ್ಟು ಅವಧಿಯಲ್ಲಿ ಶೇಕಡ ೨.೫ರಿಂದ ೪.೧ಕ್ಕೆ ಏರಿತು, ಮೂರ್ಛೆ ಮತ್ತು ಒತ್ತಡದ ಕುಸಿತ ಹೆಚ್ಚಿದುವು. ಅದಲ್ಲದೆ ಮಧುಮೇಹಿಗಳನ್ನೂ, ಮೊದಲೇ ಮಿದುಳಾಘಾತವಾಗಿದ್ದವರನ್ನೂ, ನಿಂತಾಗ ೧೧೦ಕ್ಕಿಂತ ಕೆಳಗಿಳಿಯುವವರನ್ನೂ ಈ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ೨೦೧೦ರಲ್ಲಿ ೪,೭೩೩ ಮಧುಮೇಹಿಗಳ ಮೇಲೆ ನಡೆದ ಇದೇ ಬಗೆಯ ಇನ್ನೊಂದು ಪರೀಕ್ಷೆಯಲ್ಲಿ ಮುಖ್ಯ ಫಲಿತಾಂಶವು ಗಣನೀಯವಾಗಿ ಸುಧಾರಿಸಲೇ ಇಲ್ಲ. ೨೦೦೮ರಲ್ಲಿ ಎಂಬತ್ತು ದಾಟಿದವರಿಗೆ ೧೫೦ರ ಗುರಿಯಿಟ್ಟು ನಡೆಸಿದ ಪರೀಕ್ಷೆಯಲ್ಲಿ ಅಷ್ಟರಿಂದಲೇ ಸಾವುಗಳು ಶೇಕಡ ೨೧ರಷ್ಟು ಕಡಿಮೆಯಾದುವು. ಮೂರು ಪರೀಕ್ಷೆಗಳು, ಮೂರು ಬಗೆಯ ಜನ. ಇವರೆಲ್ಲರ ನೆತ್ತಿಗೆ ಒಂದೇ ಅಂಕಿಯ ಟೋಪಿ ಹೊಂದುವುದಾದರೂ ಹೇಗೆ?

ಅಡ್ಡಪರಿಣಾಮಗಳ ಕಥೆ ಹಳೆಯದು, ಅದರಲ್ಲಿ ನಮ್ಮ ದೇಶದ ಪಾತ್ರವೂ ಉಂಟು. ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ೧೯೩೧ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ವರದಿಮಾಡಿದರು. ೧೯೪೯ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರ ಲೇಖನವು ಅದನ್ನು ಪಶ್ಚಿಮದವರ ಗಮನಕ್ಕೆ ತಂದಿತು. ೧೯೫೨ರಲ್ಲಿ ಅದರ ಸಾರವಾದ ರಿಸರ್ಪೀನ್ ಪ್ರತ್ಯೇಕಿಸಲ್ಪಟ್ಟಿತು. ಒತ್ತಡ ಇಳಿಯಿತು; ಜೊತೆಗೆ ಮೂಗು ಕಟ್ಟುವುದು, ಮಂಪರು, ಕೆಲವರಲ್ಲಿ ಮನಸ್ಸಿನ ಖಿನ್ನತೆ. ಇಂದಿನ ಔಷಧಗಳು ಎಷ್ಟೋ ಸೌಮ್ಯ. ಆದರೂ ಆಮ್ಲೊಡಿಪೀನ್ ಕೆಲವರ ಪಾದಗಳನ್ನು ಊದಿಸುತ್ತದೆ. ಎನಲಾಪ್ರಿಲ್ ಬಳಗವು ಒಣಕೆಮ್ಮನ್ನು ತರುತ್ತದೆ. ಅಟಿನಲಾಲ್ ನಾಡಿಯನ್ನು ನಿಧಾನಗೊಳಿಸಿ ಆಯಾಸವುಂಟುಮಾಡುತ್ತದೆ. ಮೂತ್ರವರ್ಧಕಗಳು ರಕ್ತದ ಸೋಡಿಯಂ, ಪೊಟ್ಯಾಸಿಯಂ ಅಂಶಗಳನ್ನು ಇಳಿಸುತ್ತವೆ. ಎಷ್ಟೋ ವೇಳೆ ಮಾತ್ರೆಯಿಂದ ಬಂದ ಪಾದದ ಊತವನ್ನು ಬೇರೊಂದು ರೋಗವೆಂದು ಬಗೆದು ಅದಕ್ಕೂ ಒಂದು ಮಾತ್ರೆ ಸೇರುವುದುಂಟು!

ಇಂತಹ ಸಂದರ್ಭದಲ್ಲಿ ನಮ್ಮ ಹಿರಿಯರು ಮಾಡುವುದೇನು? ವೈದ್ಯರೊಡನೆ ಹೇಳಿಕೊಳ್ಳಲು ಸಂಕೋಚಪಟ್ಟು, ಮನೆಯವರಿಗೂ ತಿಳಿಸದೆ, ಮಾತ್ರೆಯನ್ನು ಡಬ್ಬಿಯಲ್ಲೇ ಉಳಿಸುತ್ತಾರೆ. ಮುಂದಿನ ತಿಂಗಳು ಒತ್ತಡ ಏರಿರುವುದನ್ನು ಕಂಡ ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ. ಅಟಿನಲಾಲಿನಂತಹ ಔಷಧವನ್ನು ಹಠಾತ್ತಾಗಿ ನಿಲ್ಲಿಸಿದರಂತೂ ಹೃದಯಕ್ಕೇ ಅಪಾಯ. ಈ ಮೌನವೇ ನಮ್ಮನ್ನು ಕಾಡುವ ಸಂಗತಿ, ಏಕೆಂದರೆ ದಾರಿಗಳಿಲ್ಲವೆಂದಲ್ಲ. ೨೦೦೩ರಲ್ಲಿ ಲಾ ಮತ್ತು ವಾಲ್ಡ್ ಎಂಬುವರು ತಮ್ಮ ಸಂಗಡಿಗರೊಡನೆ ೩೫೪ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ಪೂರ್ಣ ಪ್ರಮಾಣದ ಒಂದು ಔಷಧವು ಮೇಲಿನ ಅಂಕಿಯನ್ನು ಸರಾಸರಿ ೯.೧ ಇಳಿಸಿದರೆ, ಅರ್ಧ ಪ್ರಮಾಣವೇ ೭.೧ ಇಳಿಸುತ್ತದೆಂದು ಕಂಡುಬಂದಿತು. ಅಡ್ಡಪರಿಣಾಮಗಳಾದರೋ ಹಲವು ಔಷಧಗಳಲ್ಲಿ ಪ್ರಮಾಣದೊಡನೆ ಬೇಗನೆ ಏರುತ್ತವೆ. ಅಂದಮೇಲೆ ಒಂದನ್ನೇ ಇಮ್ಮಡಿಸುವುದಕ್ಕಿಂತ ಎರಡು ಬೇರೆ ಬಗೆಯವನ್ನು ಅರ್ಧರ್ಧ ಕೊಡುವುದು ಅನೇಕ ವೇಳೆ ಮೇಲು. ಕೆಮ್ಮು ಮಾತ್ರ ಈ ಲೆಕ್ಕಕ್ಕೆ ಬಗ್ಗದು; ಅದಕ್ಕೆ ಲೊಸಾರ್ಟಾನಿನ ಬಳಗಕ್ಕೆ ಬದಲಾಯಿಸುವುದೇ ಮಾರ್ಗ. ಇವೆಲ್ಲ ವೈದ್ಯರು ಬಲ್ಲ ವಿಷಯಗಳೇ, ಆದರೆ ಯಾರಾದರೂ ಅವರಿಗೆ ಹೇಳಬೇಕಲ್ಲ.

ನೂರು ಜನ ಸಾಲುಗಟ್ಟಿ ನಿಂತಿರುವ ಆಸ್ಪತ್ರೆಯಲ್ಲಿ ಒಬ್ಬೊಬ್ಬರ ಗುರಿಯನ್ನೂ ಚರ್ಚಿಸಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪವು ನ್ಯಾಯವಾದುದೇ. ಇಡೀ ಜನಸಮುದಾಯಕ್ಕೆ ೧೪೦/೯೦ರಂತಹ ಒಂದು ಗಡಿಯನ್ನು ಹಾಕಿಕೊಂಡು ಕೆಲಸ ಆರಂಭಿಸುವುದು ಅನಿವಾರ್ಯ. ನಾವು ಕೇಳುವುದು ಇಷ್ಟೆ: ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ಈ ರೋಗಿಗೆ ಇಂತಿಷ್ಟು ಗುರಿ ಎಂಬ ಒಂದು ಸಾಲು ಇರಲಿ, ವರ್ಷಕ್ಕೊಮ್ಮೆಯಾದರೂ ಅದು ಪುನರ್ವಿಮರ್ಶೆಗೆ ಬರಲಿ.

ಉಳಿದ ಕೆಲಸವನ್ನು ಮನೆಯ ವಿದ್ಯಾರ್ಥಿ ಮಾಡಬಲ್ಲ, ಮಾಡಬಲ್ಲಳು. ಅಜ್ಜಿಯನ್ನು ಐದು ನಿಮಿಷ ಸುಮ್ಮನೆ ಕೂಡಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಿಸಿ, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ ಅಳೆಯಿರಿ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಎದ್ದು ನಿಂತಾಗಿನ ಅಳತೆಗೆ ಒಂದು ಅಂಕಣ, ತಲೆಸುತ್ತು, ಕೆಮ್ಮು, ಊತ, ಬಿಟ್ಟುಹೋದ ಮಾತ್ರೆ ಇವುಗಳಿಗೆ ಇನ್ನೊಂದು ಅಂಕಣವಿರಲಿ. ಮನೆಯಲ್ಲಿ ಸಿಕ್ಕುವ ಅಂಕಿಯು ಆಸ್ಪತ್ರೆಯದಕ್ಕಿಂತ ತುಸು ಕಡಿಮೆಯಿರುವುದು ಸಾಮಾನ್ಯವಾದುದರಿಂದ, ಅಲ್ಲಿಯ ೧೪೦/೯೦ಕ್ಕೆ ಇಲ್ಲಿಯ ೧೩೫/೮೫ ಸಮವೆಂದು ಎಣಿಸುತ್ತಾರೆ. ಚೀಟಿಯಲ್ಲಿ ಬರೆದ ಗುರಿಯು ಇವೆರಡರಲ್ಲಿ ಯಾವ ಅಳತೆಗೆ ಸೇರಿದ್ದೆಂಬುದನ್ನೂ ಆ ಪುಸ್ತಕವನ್ನು ಮುಂದಿಟ್ಟು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.