ರಸ್ತೆಯಲ್ಲೂ ಆಚಾರ ಬೇಕು



ಮೊನ್ನೆ ತಳಕಿನಲ್ಲಿ ಚಳ್ಳಕೆರೆ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಕುರಿ ಹಿಂಡೊಂದು ರಸ್ತೆ ದಾಟುತ್ತಿತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ಹಿರಿಯರೊಬ್ಬರು, ಕೊನೆಯ ಮರಿ ದಾಟುವ ತನಕ ಕೋಲು ಅಡ್ಡ ಹಿಡಿದು ನಿಂತಿದ್ದರು. ಬಳ್ಳಾರಿ ಕಡೆಯಿಂದ ಬಂದ ಕಾರೊಂದು ಹಾರ್ನ್ ಹೊಡೆಯುತ್ತಲೇ ಹಿಂಡಿನೊಳಗೆ ನುಗ್ಗಿತು. ಕಾರು ಓಡಿಸುತ್ತಿದ್ದ ಯುವಕ ಗಾಜು ಇಳಿಸಿ, ತನ್ನ ಅಜ್ಜನ ವಯಸ್ಸಿನ ಆ ಹಿರಿಯರನ್ನು ಇಲ್ಲಿ ಬರೆಯಲಾಗದ ಮಾತುಗಳಲ್ಲಿ ಬೈದು ಹೋದ. ಹಿರಿಯರು ಮರುಮಾತಾಡಲಿಲ್ಲ. ಕಾರಿನ ಹಿಂದಿನ ಗಾಜಿನ ಮೇಲೆ ಬಸವಣ್ಣನವರ ಚಿತ್ರವಿತ್ತು.

ಆ ಚಿತ್ರವಿಲ್ಲದಿದ್ದರೆ ಬಹುಶಃ ನಾನೂ ಮರೆತುಬಿಡುತ್ತಿದ್ದೆ. ಬೈದವನು ನಮ್ಮವನೇ ಇರಬೇಕು ಎಂಬುದೇ ಮನಸ್ಸನ್ನು ಚುಚ್ಚುತ್ತಿದೆ.

ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಅವರಂಥವರಿಂದ ಹೆಸರಾದ ಊರು ತಳಕು. ಈಗ ರಾಷ್ಟ್ರೀಯ ಹೆದ್ದಾರಿ 150ಎ ಈ ಊರಿನ ಮೇಲೆ ಹಾದುಹೋಗುತ್ತದೆ. ರಸ್ತೆ ಅಗಲವಾಗಿದೆ, ಮನಸ್ಸು ಮಾತ್ರ ಕಿರಿದಾಗಿದೆ. ತಿರುವಿನಲ್ಲೇ ಓವರ್‌ಟೇಕ್ ಮಾಡುವವರು, ರಾತ್ರಿ ಎದುರಿಗೆ ಗಾಡಿ ಬಂದರೂ ಲೈಟು ಡಿಮ್ ಮಾಡದವರು, ಒಂದೇ ಬೈಕಿನಲ್ಲಿ ಮೂವರು ಕೂತು ಮೊಬೈಲ್ ಕಿವಿಗೆ ಸಿಕ್ಕಿಸಿಕೊಂಡವರು, ಸರಕಿನ ಗಾಡಿಯಲ್ಲಿ ಕೂಲಿ ಹೆಣ್ಣುಮಕ್ಕಳನ್ನು ಮೂಟೆಗಳಂತೆ ತುಂಬುವವರು ದಿನವೂ ಕಾಣುತ್ತಾರೆ.

ಪ್ರಯಾಣಿಕರೂ ಕಡಿಮೆಯಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವೆ. ಗುಟ್ಕಾ ಉಗಿಯುತ್ತೇವೆ, ಹಿಂದೆ ಬರುವವರ ಮುಖ ನೋಡುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಬಸ್ ಹತ್ತುವ ತಾಯಂದಿರನ್ನು 'ಬಿಟ್ಟಿ ಬಂದವರು' ಎಂದು ಹೀಯಾಳಿಸುವುದು ಕೆಲವರಿಗೆ ಚಟವಾಗಿದೆ. ಹೆಣ್ಣಿಗೆ ಅನುಭವ ಮಂಟಪದಲ್ಲಿ ಸಮಾನ ಪೀಠ ಕೊಟ್ಟ ಪರಂಪರೆ ನಮ್ಮದು. ಬಸ್ಸಿನಲ್ಲಿ ಒಂದು ಸೀಟು ಕೊಡಲು ಹೊಟ್ಟೆಯುರಿಯೇಕೆ?

ಅಪಘಾತವಾದಾಗ ನಾವು ತಕ್ಷಣ ಹೇಳುವ ಮಾತು 'ಹಣೆಬರಹ'. ಇದು ಶರಣರು ಒಪ್ಪುವ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಾವು ಅತಿವೇಗದ ಲೆಕ್ಕಕ್ಕೆ ಸೇರಿದವು. ಹೆಲ್ಮೆಟ್ ಇಲ್ಲದೆ ಸತ್ತವರು ಸುಮಾರು 50 ಸಾವಿರ. ಇದನ್ನು ಹಣೆಯ ಮೇಲೆ ಯಾರೂ ಬರೆದಿರಲಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ಬರೆಯಿತು.

ಪಕ್ಕದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಈ ಸೀಮೆಯಲ್ಲಿ ಮನೆಮಾತಾಗಿದೆ. ಆದರೆ ರಸ್ತೆಯಲ್ಲಿ ಒಬ್ಬ ಮಾಡಿದ್ದರ ಭಿಕ್ಷೆ ಇನ್ನೊಬ್ಬರ ಜೋಳಿಗೆಗೆ ಬೀಳುತ್ತದೆ. ಕುಡಿದವನು ಬದುಕಿ ಉಳಿಯುತ್ತಾನೆ, ಸ್ವಾಮಿಗಳ ಜಾತ್ರೆಗೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತ ಮನೆಗೆ ಮರಳುವುದಿಲ್ಲ. ಅದಕ್ಕೇ ಇದು ಅವರವರ ಸ್ವಂತ ವಿಷಯವಲ್ಲ, ಸಮಾಜದ ವಿಷಯ.

ಇದಕ್ಕೆ ನಾವು ಹುಡುಕಿಕೊಂಡ ಪರಿಹಾರವಾದರೂ ಏನು? ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು, ಆಯುಧಪೂಜೆಗೆ ನಡುರಸ್ತೆಯಲ್ಲಿ ಬೂದುಗುಂಬಳ. ಆ ಒಡೆದ ಕುಂಬಳದ ಮೇಲೆ ಬೈಕು ಜಾರಿ ಬಿದ್ದವರನ್ನು ಕೇಳಿ ನೋಡಿ, ದೃಷ್ಟಿ ಯಾರಿಗೆ ತಗುಲಿತೆಂದು. ಬ್ರೇಕು ಸರಿಯಿದೆಯೇ ಎಂದು ನೋಡುವುದೇ ಗಾಡಿಗೆ ಮಾಡುವ ನಿಜವಾದ ಪೂಜೆ.

ಗಾಡಿ ಓಡಿಸುವುದೂ ಒಂದು ಕಾಯಕ. ಶರಣರಲ್ಲಿ ಅಂಬಿಗರ ಚೌಡಯ್ಯನವರಿದ್ದರು. ದೋಣಿ ಹತ್ತಿದವರನ್ನು ಕ್ಷೇಮವಾಗಿ ದಡ ಮುಟ್ಟಿಸುವುದೇ ಅಂಬಿಗನ ಕಾಯಕದ ಧರ್ಮ. ಅವರ ನುಡಿ ಕಟು ನಿಜ, ಆ ಕಟುತನವೆಲ್ಲ ಡಾಂಭಿಕರ ಮೇಲೆ. ಇಂದಿನ ಚಾಲಕ ಬಂಧುಗಳು ಅವರ ವಾರಸುದಾರರು. ದಿನಕ್ಕೆ ಹತ್ತಾರು ತಾಸು ಬಿಸಿಲಲ್ಲಿ ಸ್ಟಿಯರಿಂಗ್ ಹಿಡಿದು, ಟ್ರಿಪ್ಪಿನ ಲೆಕ್ಕಕ್ಕೆ ಓಡುವ ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಅವರನ್ನು ಏಕವಚನದಲ್ಲಿ ಕರೆಯುವ ಪ್ರಯಾಣಿಕನೂ ಅಷ್ಟೇ ತಪ್ಪಿತಸ್ಥ. ನುಡಿಯಲ್ಲೇ ಸ್ವರ್ಗ ನರಕಗಳಿವೆ ಎಂದು ಕಲಿಸಿದ ಧರ್ಮ ಇಬ್ಬರಿಗೂ ಒಂದೇ.

ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದು. ತಾನು ಎಲ್ಲರಿಗಿಂತ ಕಿರಿಯನೆಂಬ ಭಾವವೇ ಅದರ ತಿರುಳು. ಮಠದಲ್ಲಿ ಎಲ್ಲರೂ ನಮ್ಮನ್ನು ಬಲ್ಲವರು. ಅಲ್ಲಿ ಬಾಗುವುದು ಸುಲಭ. ರಸ್ತೆಯಲ್ಲಿ ನಾವು ಯಾರೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿ ಎದುರಿನವರಿಗೆ ದಾರಿ ಬಿಡುವವನೇ ಭೃತ್ಯಾಚಾರಿ. ಯಾರೂ ಗುರುತು ಹಿಡಿಯದಿದ್ದರೂ ಎದೆಯ ಮೇಲಿನ ಇಷ್ಟಲಿಂಗ ಜೊತೆಯಲ್ಲೇ ಪಯಣಿಸುತ್ತದೆಯಲ್ಲ!

ಕೆಲಸ ಮನೆಯಿಂದಲೇ ಶುರುವಾಗಲಿ. ಹದಿನಾರು ತುಂಬದ ಮಗನಿಗೆ ಬೈಕಿನ ಕೀ ಕೊಟ್ಟು ಹಿಗ್ಗುವ ತಂದೆತಾಯಿ ತಿಳಿದಿರಲಿ: 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ ಇದೆ. ಬಿದ್ದವರನ್ನು ಎತ್ತಲು ಹೆದರಬೇಕಿಲ್ಲ. ಗಾಯಾಳುವಿಗೆ ನೆರವಾದವರಿಗೆ ಅದೇ ಕಾನೂನು ರಕ್ಷಣೆ ಕೊಟ್ಟಿದೆ. ಫೋಟೋ ತೆಗೆಯುವ ಕೈಗಳೇ 108ಕ್ಕೆ ಕರೆ ಮಾಡಲಿ. ಅದು ದಾಸೋಹಕ್ಕೆ ಸಮನಾದ ಸೇವೆ.

ಪೂಜ್ಯರಲ್ಲೂ ಒಂದು ಬಿನ್ನಹ. ಜಾತ್ರೆ, ಶಿವಾನುಭವ ಗೋಷ್ಠಿಗಳಲ್ಲಿ ಹತ್ತು ನಿಮಿಷ ಈ ಮಾತಿಗೆ ಮೀಸಲಿಡಿ. ಮಠದ ವಾಹನಗಳೂ ವೇಗದ ಮಿತಿಯಲ್ಲೇ ಸಾಗಲಿ. ಹಿಂದೆ ಸಾಲುಗಟ್ಟಿ ಬರುವ ಭಕ್ತರ ಕಾರುಗಳು ಹಾರ್ನ್ ಹೊಡೆದು ಹಾದಿಹೋಕರನ್ನು ಓಡಿಸದಿರಲಿ. ಗುರು ನಿಧಾನಿಸಿದರೆ ಶಿಷ್ಯ ನಿಧಾನಿಸುತ್ತಾನೆ.

ಗಾಜಿನ ಮೇಲೆ ಬಸವಣ್ಣನವರನ್ನು ಅಂಟಿಸಿಕೊಂಡವರು ಕುರಿ ಹಿಂಡು ಕಂಡಾಗ ಎರಡು ನಿಮಿಷ ನಿಲ್ಲಲಿ. ಆ ಎರಡು ನಿಮಿಷ ನಿಲ್ಲಲಾಗದಿದ್ದರೆ, ದಯಮಾಡಿ, ಆ ಚಿತ್ರವನ್ನು ತೆಗೆದುಬಿಡಲಿ.