ಸುರಪುರದ ಮಗಳು ಯಾವ ಕಾನೂನಿನ ಕುಟುಂಬಕ್ಕೆ ಸೇರಿದವಳು?

ಜಗತ್ತಿನ ಕಾನೂನುಗಳನ್ನು ಕುಟುಂಬಗಳಾಗಿ ವಿಂಗಡಿಸೋದು ಹಳೇ ಅಭ್ಯಾಸ. ಫ್ರೆಂಚ್ ವಿದ್ವಾಂಸ ರೆನೆ ಡಾವಿಡ್ 1964ರಲ್ಲಿ ರೋಮನ್-ಜರ್ಮನ್, ಕಾಮನ್ ಲಾ, ಸಮಾಜವಾದಿ ಎಂದು ಮೂರು ದೊಡ್ಡ ಕುಟುಂಬ ಗುರುತಿಸಿ, ಇಸ್ಲಾಮಿಕ್, ಹಿಂದೂ ಕಾನೂನುಗಳನ್ನು ಬೇರೆ ಸಾಲಿಗೆ ಹಾಕಿದ. ಭಾರತಕ್ಕೆ ಈಗ ಸಾಮಾನ್ಯವಾಗಿ 'ಮಿಶ್ರ' ಎಂಬ ಲೇಬಲ್: ಬ್ರಿಟಿಷರ ಕಾಮನ್ ಲಾ, ಜೊತೆಗೆ ಧರ್ಮಕ್ಕೊಂದು ವೈಯಕ್ತಿಕ ಕಾನೂನು. ಎಂಜಿನಿಯರಿಂಗ್ ಓದಿದ ನನಗೆ ಇಂಥ ಚೌಕಗಳು ಇಷ್ಟ. ಆದರೆ ಯಾದಗಿರಿ ಜಿಲ್ಲೆಗೆ ಬಂದರೆ ಚೌಕ ಸಾಲೋದಿಲ್ಲ.

ಸುರಪುರ ನಾಯಕ ದೊರೆಗಳ ಸಂಸ್ಥಾನ. 1858ರ ದಂಗೆಯ ನಂತರ ಅದು ನಿಜಾಮನ ಕೈಸೇರಿತು, 1948ರಲ್ಲಿ ಭಾರತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕೋರ್ಟು, ಕಂದಾಯ ಎಲ್ಲಾ ಬದಲಾದವು. ಮನೆಯೊಳಗಿನ ಪಾಲಿನ ವಿಷಯ ಮಾತ್ರ ಅಷ್ಟು ಸಲೀಸಲ್ಲ.

1991ರಲ್ಲಿ ನಾಯಕ, ಬೇಡರ, ವಾಲ್ಮೀಕಿ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡ ಪಟ್ಟಿ ಸೇರಿದವು. ಮೀಸಲಾತಿ ಸಿಕ್ಕಿತು, ಸುರಪುರ ವಿಧಾನಸಭಾ ಕ್ಷೇತ್ರವೇ ಇವತ್ತು ಎಸ್‌ಟಿ ಮೀಸಲು. ಜೊತೆಗೆ ನಾವು ಹೆಚ್ಚು ಮಾತಾಡದ ಒಂದು ಪ್ರಶ್ನೆಯೂ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 2(2) ಪ್ರಕಾರ, ಕೇಂದ್ರ ಅಧಿಸೂಚನೆ ಹೊರಡಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸೋದಿಲ್ಲ. ಅಂದ್ರೆ 2005ರ ತಿದ್ದುಪಡಿ ಮಗಳಿಗೆ ಕೊಟ್ಟ ಸಮಪಾಲೂ ಇಲ್ಲ.

ಹಾಗಾದ್ರೆ ಶಹಾಪುರದಲ್ಲೋ ಸುರಪುರದಲ್ಲೋ ನಾಯಕ ಸಮುದಾಯದ ಮಗಳು ಪಾಲು ಕೇಳಿದರೆ? 'ನಾವು ಹಿಂದೂ ಪದ್ಧತಿಯನ್ನೇ ಪಾಲಿಸ್ತೀವಿ' ಅಂತ ಸಾಬೀತು ಮಾಡಿದ ಬುಡಕಟ್ಟುಗಳಿಗೆ ಹಿಂದೂ ಕಾನೂನನ್ನೇ ಹಚ್ಚಿದ ತೀರ್ಪುಗಳಿವೆ. ಸಾಬೀತಾಗದಿದ್ರೆ ರೂಢಿ. ರೂಢಿ ಅಂದ್ರೇನು ಅಂತ ಸಾಕ್ಷಿ ಹೇಳೋರು ಯಾರು? ಬಹುಪಾಲು ಗಂಡಸರಾದ ಹಿರಿಯರು.

2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ತಿದ್ದುವ ಬಗ್ಗೆ ಯೋಚಿಸಿ ಎಂದು ಕೇಂದ್ರಕ್ಕೆ ಹೇಳಿತು. 2025ರ ಜುಲೈನಲ್ಲಿ ಛತ್ತೀಸ್‌ಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು: ಹೆಣ್ಣಿಗೆ ಪಾಲಿಲ್ಲ ಎನ್ನುವ ರೂಢಿ ಸಾಬೀತಾಗದಿದ್ದರೆ, ಅವಳನ್ನು ಹೊರಗಿಡೋದು ಸಮಾನತೆಯ ಉಲ್ಲಂಘನೆ. ಸಾಬೀತಿನ ಹೊರೆ ಅವಳ ಹೆಗಲಿಂದ ಇಳಿಯಿತು. ಆದರೆ ಸೆಕ್ಷನ್ 2(2) ಹಾಗೇ ಇದೆ.

ಇನ್ನು ಏಕರೂಪ ನಾಗರಿಕ ಸಂಹಿತೆ. 2025ರ ಜನವರಿಯಲ್ಲಿ ಜಾರಿಗೆ ಬಂದ ಉತ್ತರಾಖಂಡದ ಸಂಹಿತೆ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ಬುಡಕಟ್ಟಿನ ಸ್ವಾಯತ್ತತೆ ಉಳಿಯಲಿ, ನಾನೂ ಒಪ್ತೀನಿ. ಆದರೆ ಆ ಹೆಸರಲ್ಲಿ ಮಗಳ ಪಾಲು ಹೋಗಬಾರದು. ಒಂದು ಅಧಿಸೂಚನೆಯಿಂದ ಆಗುವ ಕೆಲಸವನ್ನು ಪ್ರತಿ ಹೆಣ್ಣುಮಗಳೂ ಅಣ್ಣತಮ್ಮಂದಿರ ವಿರುದ್ಧ ಕೋರ್ಟ್ ಹತ್ತಿ ಮಾಡಿಸ್ಕೋಬೇಕಾ? ಮುಂದಿನ ಸಲ ಸುರಪುರಕ್ಕೆ ಮತ ಕೇಳೋಕೆ ಬರೋರನ್ನ ಇದನ್ನೇ ಕೇಳಿ.